ಕಾಫಿ ಹೂವಿನಲ್ಲಿ ಅಸ್ತಿ, ಭಾತಿ, ಪ್ರಿಯ

ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಹದವಾದ ಮಳೆಯೊಂದು ಬಿದ್ದರೆ ಎಂಟು-ಹತ್ತು ದಿನಗಳಲ್ಲಿ ಬಾಳೆಹೊನ್ನೂರಿನ ಸುತ್ತಲ ಕಾಫಿ ತೋಟಗಳು ಒಟ್ಟೊಟ್ಟಿಗೇ ಬೆಳ್ಳಗಾಗುತ್ತವೆ. ಬೆಳೆಗಾರರ ಬಾಯಲ್ಲಿ ಆ ಮಳೆಗೆ ಹೂಮಳೆ ಎಂದೇ ಹೆಸರು. ಗಿಣ್ಣುಗಿಣ್ಣಿಗೂ ಒತ್ತಾಗಿ ಅರಳುವ ಹೂವು, ಮಲ್ಲಿಗೆಯನ್ನು ನೆನಪಿಸುವ ಪರಿಮಳ. ಎರಡು-ಮೂರು ದಿನ ಕಳೆಯುವಷ್ಟರಲ್ಲಿ ಎಲ್ಲವೂ ಕಂದಿ ಹೋಗಿರುತ್ತದೆ. ಇದು ಪೇಟೆಯಲ್ಲಿ ಮೊಳ ಹಾಕಿ ಮಾರುವ ಹೂವಲ್ಲ. ಆದರೂ ಅದನ್ನು ಕಂಡವರ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ಆ ಕ್ಷಣವನ್ನು ಅರ್ಥ ಮಾಡಿಕೊಳ್ಳಲು ಬೇಕಾದ ತತ್ತ್ವವೊಂದು ಇದೇ ಸೀಮೆಯ ಶೃಂಗೇರಿಯ ಅದ್ವೈತ ಪರಂಪರೆಯಲ್ಲಿದೆ. ಅಲ್ಲಿ 14ನೆಯ ಶತಮಾನದಲ್ಲಿ ಪೀಠದಲ್ಲಿದ್ದ ಭಾರತೀತೀರ್ಥರದೆಂದು ಅನೇಕರು ಹೇಳುವ, ಕೆಲವರು ಶಂಕರರದೆನ್ನುವ 'ದೃಗ್‌ದೃಶ್ಯವಿವೇಕ' ಎಂಬ ಪುಟ್ಟ ಗ್ರಂಥವು ನಮ್ಮ ಅನುಭವಕ್ಕೆ ಬರುವ ಪ್ರತಿಯೊಂದು ವಸ್ತುವಿನಲ್ಲೂ ಐದು ಅಂಶಗಳನ್ನು ಗುರುತಿಸುತ್ತದೆ: ಅಸ್ತಿ, ಭಾತಿ, ಪ್ರಿಯ, ರೂಪ, ನಾಮ. ಇದೆ ಎಂಬುದು ಅಸ್ತಿ. ತೋರುತ್ತಿದೆ, ಅರಿವಿಗೆ ಬರುತ್ತಿದೆ ಎಂಬುದು ಭಾತಿ. ಇಷ್ಟವಾಗುವ ಗುಣ ಪ್ರಿಯ. ಮೊದಲ ಮೂರು ಬ್ರಹ್ಮದ್ದು, ಉಳಿದೆರಡು ಜಗತ್ತಿನದು ಎನ್ನುವುದು ಆ ಗ್ರಂಥದ ನಿರ್ಣಯ.

ಕಾಫಿ ಹೂವಿಗೆ ಇದನ್ನು ಅನ್ವಯಿಸಿ ನೋಡೋಣ. ಬಿಳಿ ಬಣ್ಣ, ಸಾಮಾನ್ಯವಾಗಿ ಐದು ಎಸಳು, ಕಾಫಿ ಎಂಬ ಹೆಸರು, ಇವೆಲ್ಲ ರೂಪ-ನಾಮಗಳು. ಇವು ಹೂವಿನಿಂದ ಹೂವಿಗೆ ಬೇರೆ. ಸಂಪಿಗೆಗೆ ಬೇರೊಂದು ರೂಪ, ರಂಜದ ಹೂವಿಗೆ ಮತ್ತೊಂದು. ಆದರೆ 'ಇದೆ' ಎಂಬುದು ಸಂಪಿಗೆಯಲ್ಲಿ ಒಂದು ಬಗೆ, ಕಾಫಿಯಲ್ಲಿ ಇನ್ನೊಂದು ಬಗೆ ಆಗಿರುವುದಿಲ್ಲ. ಅರಿವಿಗೆ ಬರುವುದೂ ಹಾಗೆಯೇ. ದಿನಬಳಕೆಯಲ್ಲಿ ನಾವು ನಾಮ-ರೂಪಗಳನ್ನೇ ಹಿಡಿದು ನಡೆಯುತ್ತೇವೆ. ಅದೇನು, ಅದರಿಂದ ಏನು ಉಪಯೋಗ ಎಂದು ತಿಳಿದರೆ ಸಾಕು, ಅದು ಇದೆ ಎಂಬುದರತ್ತ ಗಮನವೇ ಹೋಗುವುದಿಲ್ಲ. ವಿಸ್ಮಯ ಹುಟ್ಟಿದಾಗ ಈ ಕ್ರಮ ತಿರುಗುತ್ತದೆ. ನಿನ್ನೆ ಹಸಿರಾಗಿದ್ದ ಗುಡ್ಡ ಇಂದು ಬೆಳ್ಳಗಿದ್ದರೆ, ಹೆಸರು ಹೇಳುವ ಮೊದಲೇ ಅದರ ಇರವು ನಮ್ಮನ್ನು ತಟ್ಟುತ್ತದೆ. ಹೂವಿನಲ್ಲಿ ಆಧ್ಯಾತ್ಮಿಕ ಅರ್ಥವಿದೆ ಎಂಬ ಮಾತಿಗೆ ನನ್ನ ದೃಷ್ಟಿಯಲ್ಲಿ ಇದೇ ಗಟ್ಟಿಯಾದ ಆಧಾರ. ಹೂವು ಯಾವುದೋ ಗುಟ್ಟಿನ ಸಂದೇಶವನ್ನು ಹೊತ್ತು ಬಂದಿದೆ ಎಂದು ನಂಬಬೇಕಾಗಿಲ್ಲ. ಎಲ್ಲ ವಸ್ತುಗಳಲ್ಲೂ ಇರುವ ಅಸ್ತಿ-ಭಾತಿ-ಪ್ರಿಯಗಳು ಇಲ್ಲಿ ಸುಲಭವಾಗಿ ಗೋಚರಿಸುತ್ತವೆ ಎಂದರೆ ಸಾಕು. ಕಲ್ಲಿನಲ್ಲೂ ಅವು ಇವೆ. ಆದರೆ ಕಲ್ಲಿನಲ್ಲಿ ಪ್ರಿಯವನ್ನು ಕಾಣಲು ಸಾಧನೆ ಬೇಕು.

ಹೂವು ಏಕೆ ಅರಳುತ್ತದೆಂದು ವಿಜ್ಞಾನ ಹೇಳಿಯಾಗಿದೆಯಲ್ಲ, ಇನ್ನು ವಿಸ್ಮಯಕ್ಕೆ ಜಾಗವೆಲ್ಲಿ ಎಂದು ಕೇಳುವವರಿದ್ದಾರೆ. ಬಾಳೆಹೊನ್ನೂರಿನ ಬಳಿಯೇ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವಿರುವುದರಿಂದ ಈ ಪ್ರಶ್ನೆಯನ್ನು ಇಲ್ಲಿಯೇ ಎದುರಿಸುವುದು ನ್ಯಾಯ. ಮೊಗ್ಗುಗಳು ಬೇಸಗೆಯ ಒಣಹವೆಯಲ್ಲಿ ಬೆಳವಣಿಗೆ ನಿಲ್ಲಿಸಿ ಸುಪ್ತವಾಗಿರುತ್ತವೆ; ನೀರಿನ ಕೊರತೆಯನ್ನುಂಡ ಗಿಡಕ್ಕೆ ಸುಮಾರು ಒಂದು ಇಂಚು ಮಳೆ ಸಿಕ್ಕಾಗ ಅವು ಒಮ್ಮೆಲೇ ಎಚ್ಚೆತ್ತು ಬೆಳೆಯುತ್ತವೆ. ಇಷ್ಟನ್ನು ತಿಳಿದವನ ಬೆರಗು ಕಡಿಮೆಯಾಗಬೇಕಿಲ್ಲ. ರೊಬಸ್ಟಾ ಹೂವಿಗೆ ಬೇರೆ ಗಿಡದ ಪರಾಗವೇ ಬೇಕು, ಜೇನುನೊಣಕ್ಕೂ ಗಾಳಿಗೂ ಅದು ಕಾಯುತ್ತದೆ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ಹಾಗಿದ್ದೂ ಅದು ಪರಿಮಳ ಬೀರುತ್ತದೆ, ಏಕೆಂದರೆ ಅದು ಬೇರೆ ಗಿಡದ ಪರಾಗವನ್ನೇ ನೆಚ್ಚಿದ ಎರಡು ಕಾಡುಜಾತಿಗಳ ಸಹಜ ಸಂಕರದಿಂದ ಹುಟ್ಟಿದ್ದು. ಪರಿಮಳ ಆ ವಂಶದಿಂದ ಬಂದದ್ದು. ಕಾರಣಕ್ಕೆ ಕಾರಣ ಹುಡುಕುತ್ತ ಆಫ್ರಿಕಾದ ಕಾಡಿನವರೆಗೂ ಹೋಗಬಹುದು. ಆದರೆ ಇವೆಲ್ಲ ಇಂಥ ರೂಪ ಏಕೆ ಬಂತೆಂಬುದಕ್ಕೆ ಕೊಟ್ಟ ಉತ್ತರಗಳು. ಏನಾದರೂ ಇದೆ, ಅದು ನನ್ನ ಅರಿವಿನಲ್ಲಿ ಬೆಳಗುತ್ತಿದೆ ಎಂಬುದನ್ನು ಇಲ್ಲಿನ ಪ್ರತಿಯೊಂದು ಉತ್ತರವೂ ಮೊದಲೇ ಒಪ್ಪಿಕೊಂಡಿರುತ್ತದೆ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1790ರ ತನ್ನ ಗ್ರಂಥದಲ್ಲಿ, ಹೂವಿನ ಸೌಂದರ್ಯವನ್ನು ನಿರ್ಣಯಿಸುವಾಗ ಸಸ್ಯಶಾಸ್ತ್ರಜ್ಞನೂ ಅದರ ಪ್ರಯೋಜನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದ. ನಾನು ಅಷ್ಟು ದೂರ ಹೋಗಲಾರೆ. ತಿಳಿವಳಿಕೆಯನ್ನು ಬಾಗಿಲಾಚೆ ನಿಲ್ಲಿಸಿದರೆ ಮಾತ್ರ ಉಳಿಯುವ ಬೆರಗು ತೀರ ದುರ್ಬಲವಾದದ್ದು.

ಇನ್ನೊಂದು ಆಕ್ಷೇಪ ಹೆಚ್ಚು ಬಲವಾದದ್ದು. ಬೆಳೆಗಾರನಿಗೆ ಹೂವು ಪ್ರಿಯವಾಗುವುದು ಫಸಲಿಗಾಗಿ, ಅದರಲ್ಲಿ ಬ್ರಹ್ಮವೇನು ಬಂತು? ಭರತನ 'ನಾಟ್ಯಶಾಸ್ತ್ರ' ಇಲ್ಲಿ ಅಚ್ಚರಿಯಾಗುವಷ್ಟು ಉದಾರವಾಗಿದೆ. ವಿಸ್ಮಯವೇ ಸ್ಥಾಯಿಭಾವವಾದ ಅದ್ಭುತರಸಕ್ಕೆ ಅದು ಕೊಡುವ ಕಾರಣಗಳಲ್ಲಿ ದಿವ್ಯರ ದರ್ಶನ, ಬಯಸಿದ್ದು ಕೈಗೂಡುವುದು, ಉಪವನಕ್ಕೂ ದೇವಾಲಯಕ್ಕೂ ಹೋಗುವುದು ಎಲ್ಲವೂ ಒಟ್ಟಿಗೇ ಬರುತ್ತವೆ. ಮಳೆಗಾಗಿ ಮುಗಿಲು ನೋಡುತ್ತಿದ್ದವನ ನೆಮ್ಮದಿಗೂ ತೋಟದ ಬೆರಗಿಗೂ ಭರತ ಗೋಡೆ ಕಟ್ಟಲಿಲ್ಲ. ಆದರೂ ಪ್ರಿಯವು ಲಾಭದಷ್ಟಕ್ಕೇ ಮುಗಿಯುವಂಥದಾಗಿದ್ದರೆ, ಕೊಪ್ಪದ ಬಸ್ಸಿನ ಕಿಟಕಿಯಲ್ಲಿ ಕುಳಿತ, ಒಂದು ಗುಂಟೆ ಜಮೀನೂ ಇಲ್ಲದ ಪ್ರಯಾಣಿಕನಿಗೆ ಆ ಬಿಳುಪು ಹಿತವಾಗಬಾರದಿತ್ತು.

ಹಾಗಾದರೆ ಹೂಮಳೆ ಕೈಕೊಟ್ಟ ವರ್ಷ, ಮೊಗ್ಗು ಸರಿಯಾಗಿ ಅರಳದೆ ಉದುರಿದಾಗ, ಪ್ರಿಯ ಎಲ್ಲಿ ಹೋಯಿತು? ಕಂದಿದ ಮೊಗ್ಗಿನಲ್ಲೂ ಅಸ್ತಿ-ಭಾತಿ ಇವೆ ಎಂದು ತತ್ತ್ವ ಹೇಳಬಲ್ಲದು. ಪ್ರಿಯವೂ ಅಳಿದಿಲ್ಲ, ಮರೆಯಾಗಿದೆ ಅಷ್ಟೆ ಎಂದು ವಾದಿಸಬಲ್ಲದು. ಸಾಲ ಮಾಡಿ ಗೊಬ್ಬರ ಹಾಕಿದವನ ಎದುರು ನಿಂತು ಇದನ್ನು ಸಮಾಧಾನವೆಂದು ಹೇಳುವುದು ಮಾತ್ರ ತಪ್ಪು. ಅದ್ವೈತ ವ್ಯವಹಾರದ ನಷ್ಟವನ್ನು ವ್ಯವಹಾರದಲ್ಲಿ ಸುಳ್ಳೆನ್ನುವುದಿಲ್ಲ. ಅಸ್ತಿ-ಭಾತಿ-ಪ್ರಿಯದ ವಿಚಾರ ಅವನ ಸಾಲ ತೀರಿಸದು, ತೀರಿಸುತ್ತೇನೆಂದು ಅದು ಎಂದೂ ಹೇಳಿಲ್ಲ.