ದೇಶ ಸುತ್ತಲಾಗದವಳ ಕೋಶ

‘ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು’ ಎಂಬ ಗಾದೆಯ ಮೇಲೆ ಶಾಲೆಯಲ್ಲಿ ನಾವೆಲ್ಲ ಪ್ರಬಂಧ ಬರೆದವರೇ. ಪ್ರವಾಸದ ಲಾಭ ಒಂದಷ್ಟು, ಪುಸ್ತಕದ ಲಾಭ ಒಂದಷ್ಟು ಬರೆದು, ಬಾಳಿಗೆ ಎರಡೂ ಬೇಕು ಎಂದು ಮುಗಿಸಿದರೆ ಮೇಷ್ಟ್ರು ಅಂಕ ಕೊಡುತ್ತಿದ್ದರು. ಈ ಗಾದೆ ಯಾರನ್ನು ನೋಡಿ ಹುಟ್ಟಿರಬಹುದು ಎಂದು ಆಗ ಯಾರೂ ಕೇಳಲಿಲ್ಲ. ಹೊರಡಲು ಕಾಸು, ಕಾಲು, ಬಿಡುವು ಮೂರೂ ಇದ್ದವನಿಗೆ ಗಾದೆಯ ಮೊದಲರ್ಧ ಸಾಕು. ಎರಡನೆಯ ಅರ್ಧ ಇರುವುದು ಹೊರಡಲಾಗದವರಿಗಾಗಿ. ಹೊಸ್ತಿಲು ದಾಟದೆಯೂ ಲೋಕ ಕಾಣುವ ಹಕ್ಕನ್ನು ಗಾದೆ ಅವರಿಗೆ ಕೊಟ್ಟಿದೆ. ನಮ್ಮ ಮನೆಗಳಲ್ಲಿ ಹೀಗೆ ಹೊರಡಲಾಗದವರು ಯಾರು ಎಂದು ನೋಡಿದರೆ, ಎಲ್ಲರಿಗಿಂತ ಮೊದಲು ಕಾಣುವವಳು ಬಾಣಂತಿ.

ಬಾಣಂತನಕ್ಕೆ ಬಂದ ನಾನೀಗ ತವರಿನಲ್ಲಿ, ಅರಸೀಕೆರೆಯಲ್ಲಿದ್ದೇನೆ. ಗಂಡನ ಮನೆ ಬೇಲೂರು. ಎರಡೂ ದೇಶ ಸುತ್ತುವವರ ದಾರಿಯಲ್ಲಿರುವ ಊರುಗಳು. ಬೆಂಗಳೂರು–ಹುಬ್ಬಳ್ಳಿಯ ರೈಲುದಾರಿಗೆ ಹಾಸನ, ಮೈಸೂರಿನ ದಾರಿ ಬಂದು ಕೂಡುವುದು ಅರಸೀಕೆರೆಯಲ್ಲೇ. ರಾತ್ರಿ ಮಗುವಿಗೆ ಹಾಲೂಡಿಸುತ್ತ ಕೂತರೆ ಗಾಡಿಗಳು ಬಂದು ನಿಂತು ಹೊರಡುವ ಸದ್ದು ಕೋಣೆಯವರೆಗೂ ಕೇಳುತ್ತದೆ. ಬಾಣಾವರ, ಜಾವಗಲ್ ಹಾದು ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ವರ್ಷವಿಡೀ ಪರಊರಿನವರು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿ, ಹಳೇಬೀಡಿನ ಹೊಯ್ಸಳೇಶ್ವರ, ಜೊತೆಗೆ ಸೋಮನಾಥಪುರ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಲೋಕವೇ ಬಂದು ನೋಡುವ ಆ ಗುಡಿಗೆ ಹತ್ತಿರದಲ್ಲೇ ಸಂಸಾರ ಮಾಡಿದ ನಮ್ಮತ್ತೆ ಮದುವೆಯಾದ ಮೇಲೆ ಜಿಲ್ಲೆ ದಾಟಿದ್ದು ಧರ್ಮಸ್ಥಳಕ್ಕೆ ಮಾತ್ರ. ಅವರ ದೇಶವೆಲ್ಲ ಕಾದಂಬರಿಗಳಲ್ಲಿತ್ತು. ‘ಸುಧಾ’, ‘ತರಂಗ’ಗಳಲ್ಲಿ ಬಂದ ಧಾರಾವಾಹಿಯ ಹಾಳೆಗಳನ್ನು ವಾರವಾರವೂ ತೆಗೆದಿಟ್ಟು, ದಾರ ಹಾಕಿ ಹೊಲಿದು, ಹಳೇ ರಟ್ಟು ಅಂಟಿಸಿ ಪುಸ್ತಕ ಮಾಡಿಕೊಂಡಿದ್ದಾರೆ. ಆ ಕಟ್ಟುಗಳು ಅಟ್ಟದ ಮೇಲೆ ಈಗಲೂ ಇವೆ. ಗಾದೆಯ ಎರಡನೆಯ ಅರ್ಧವನ್ನು ಅವರಷ್ಟು ಶ್ರದ್ಧೆಯಿಂದ ಬಾಳಿದವರನ್ನು ನಾನು ಬೇರೆ ಕಂಡಿಲ್ಲ.

ಆದರೆ ಬಾಣಂತಿಯ ಕೋಣೆಯೊಳಗೆ ಆ ಅರ್ಧಕ್ಕೂ ಪ್ರವೇಶವಿಲ್ಲ. “ಓದ್‌ಬ್ಯಾಡ ಕಣವ್ವ, ಹಸಿಮೈ. ಕಣ್ಣು ಸೋತೋಯ್ತವೆ” ಎನ್ನುತ್ತಾರೆ ನಮ್ಮಜ್ಜಿ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ನಮ್ಮ ಸೀಮೆಯ ಕೊಬ್ಬರಿ ಧಾರಾಳವಾಗಿ ಬಿದ್ದ ಅಂಟಿನುಂಡೆ, ಇವುಗಳ ಸಾಲಿನಲ್ಲೇ ಓದಬಾರದು ಎಂಬ ಪಥ್ಯವೂ ಬರುತ್ತದೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸೀಮೆಎಣ್ಣೆ ಬುಡ್ಡಿಯ ಬೆಳಕು, ಹೊಗೆ ತುಂಬಿದ ಕೋಣೆ, ರಕ್ತ ಕಳೆದುಕೊಂಡು ಬಸವಳಿದ ಮೈ. ಅಂಥ ಹೊತ್ತಿನಲ್ಲಿ ಅಕ್ಷರದ ಮೇಲೆ ಕಣ್ಣು ನೆಟ್ಟರೆ ತಲೆನೋವು ಬಂದೇ ಬಂದಿರುತ್ತದೆ. ಅಜ್ಜಿಯರು ಕಂಡದ್ದನ್ನೇ ಹೇಳಿದರು. ಈಗ ಕೋಣೆಯಲ್ಲಿ ಬೆಳಕಿದೆ, ಓದಿದರೆ ಬಾಣಂತಿಯ ಕಣ್ಣು ಹೋಗುವುದಿಲ್ಲ ಎಂದು ವೈದ್ಯರೂ ಹೇಳುತ್ತಾರೆ. ಆದರೂ ಅಜ್ಜಿಯ ಮಾತಿನಲ್ಲಿ ಒಂದು ಅಂಶವನ್ನು ನಾನು ಹಾಗೇ ಉಳಿಸಿಕೊಳ್ಳುತ್ತೇನೆ. ಎರಡು ಮೂರು ಗಂಟೆಗೊಮ್ಮೆ ಎದ್ದು ಹಾಲೂಡಿಸುವವಳ ನಿದ್ದೆ ತುಂಡು ತುಂಡಾಗಿರುತ್ತದೆ. ಆ ತುಂಡುಗಳಲ್ಲಿ ಒಂದನ್ನೂ ಪುಸ್ತಕಕ್ಕೆ ಕೊಡಬಾರದು. ನಿದ್ದೆಗೆಟ್ಟು ಓದುವುದನ್ನು ಹೊಗಳುವವರ ಮಾತನ್ನು ಹಸುಗೂಸಿನ ತಾಯಿ ಕೇಳಬಾರದು.

ಹಾಗಾದರೆ ಓದಿಗೆ ಹೊತ್ತು ಎಲ್ಲಿಂದ ಬರಬೇಕು? ಇದಕ್ಕೆ ಹಳಬರು ಏನಾದರೂ ದಾರಿ ತೋರಿಸಿದ್ದಾರೋ ಎಂದು ಹುಡುಕಿದರೆ ನನಗೆ ಕಂಡದ್ದು ಕಸಿವಿಸಿ ಹುಟ್ಟಿಸುವ ಚಿತ್ರ. ಹಳೇಬೀಡು ದೋರಸಮುದ್ರವಾಗಿದ್ದಾಗ ಬಲ್ಲಾಳರಾಯನ ಆಸ್ಥಾನದಲ್ಲಿ ಕವಿ ನಾಗಚಂದ್ರನಿಗೆ ಸರಿಸಾಟಿಯಾಗಿ ಕಾವ್ಯಸಮಸ್ಯೆ ಬಿಡಿಸುತ್ತಿದ್ದ ಕಂತಿ ಎಂಬ ಕವಯಿತ್ರಿಯನ್ನು ನಮ್ಮ ಪರಂಪರೆ ನೆನೆಯುತ್ತದೆ; ಹಾಗೆ ನೆನೆಯುವುದು ಸಂಸಾರವಿಲ್ಲದ ಜೈನ ಸಂನ್ಯಾಸಿನಿಯಾಗಿ. ಅಕ್ಕಮಹಾದೇವಿ ಮನೆ ಬಿಟ್ಟು ನಡೆದವಳು. ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದ ನಂಜನಗೂಡು ತಿರುಮಲಾಂಬ ಎಳವೆಯಲ್ಲೇ ವಿಧವೆಯಾದವರು. ಪುಸ್ತಕ ಹಿಡಿದ ಹೆಣ್ಣುಗಳೆಂದು ನಾವು ನೆನೆಯುವವರಲ್ಲಿ ಹೆಚ್ಚಿನವರ ಬಳಿ ತೊಟ್ಟಿಲಿರಲಿಲ್ಲ. ಇದ್ದವಳು ಅತ್ತಿಮಬ್ಬೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ, ರನ್ನನಿಂದ ‘ಅಜಿತಪುರಾಣ’ ಬರೆಯಿಸಿದ ಆಕೆ ಅಣ್ಣಿಗನೆಂಬ ಮಗನನ್ನು ಬೆಳೆಸಿದ ತಾಯಿ. ಆದರೆ ಆಕೆಯ ಗಂಡ ನಾಗದೇವ ಯುದ್ಧದಲ್ಲಿ ಮಡಿದಿದ್ದ. ಗಂಡ, ಮಗು, ಒಲೆ, ಪುಸ್ತಕ ನಾಲ್ಕೂ ಒಂದೇ ಮನೆಯಲ್ಲಿ ಹೇಗೆ ಇರಬೇಕೆಂದು ಹೇಳಿಕೊಡುವ ಹಿರಿಯಳು ಹಳೆಯ ಕಾಲದಲ್ಲಿ ನನಗೆ ಸಿಗಲಿಲ್ಲ.

ಇತ್ತೀಚಿನ ಕಾಲಕ್ಕೆ ಬಂದರೆ 1963ನೇ ಇಸವಿ ನನ್ನನ್ನು ಬಿಡದೆ ಕಾಡುತ್ತದೆ. ತೀರ್ಥಹಳ್ಳಿ ಸೀಮೆಯ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂದದ್ದು ಆ ವರ್ಷ. ಹನ್ನೆರಡರ ಹರೆಯದಲ್ಲಿ ಮದುವೆ, ಅಲ್ಲಿಗೆ ಶಾಲೆ ಮುಗಿಯಿತು, ಆಮೇಲೆ ಸಂಸಾರ, ಕಾದಂಬರಿ ಪ್ರಕಟವಾಗುವಾಗ ವಯಸ್ಸು ನಲವತ್ತೈದು ದಾಟಿತ್ತು. ಓದಿನ ಹಂಬಲವಿರುವ ಹೊಸ ತಾಯಂದಿರಿಗೆ ಹಿರಿಯರು ಹೇಳುವ ಸಮಾಧಾನ ಇಂಥ ಉದಾಹರಣೆಗಳ ಮೇಲೇ ನಿಂತಿದೆ: ‘ಮಕ್ಕಳು ಕೈಗೆ ಬರಲಿ, ಆಮೇಲೆ ಎಷ್ಟು ಬೇಕಾದರೂ ಓದಿಕೊಳ್ಳುವೆಯಂತೆ.’ ಅದೇ 1963ರ ಜುಲೈನಲ್ಲಿ ಮೈಸೂರಿನಲ್ಲಿ ಕಾದಂಬರಿಗಾರ್ತಿ ತ್ರಿವೇಣಿ ತೀರಿಕೊಂಡರು. ಹೆಣ್ಣುಮಗುವನ್ನು ಹೆತ್ತು ಕೆಲವೇ ದಿನ ಕಳೆದಿತ್ತು. ವಯಸ್ಸು ಮೂವತ್ತೈದೂ ತುಂಬಿರಲಿಲ್ಲ. ಅಷ್ಟರೊಳಗೆ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದಿದ್ದರು. ‘ಆಮೇಲೆ’ ಎಂಬುದು ಇಂದಿರಾ ಅವರಿಗೆ ಸಿಕ್ಕಿತು, ತ್ರಿವೇಣಿಯವರಿಗೆ ಸಿಗಲಿಲ್ಲ. ತ್ರಿವೇಣಿ ಆ ‘ಆಮೇಲೆ’ಯನ್ನು ಕಾದು ಕುಳಿತಿದ್ದರೆ ‘ಬೆಳ್ಳಿಮೋಡ’ವಾಗಲಿ ‘ಶರಪಂಜರ’ವಾಗಲಿ ನಮಗೆ ದಕ್ಕುತ್ತಿರಲಿಲ್ಲ. ಆದ್ದರಿಂದ ಯಾರಾದರೂ ನನಗೆ ಆ ಸಮಾಧಾನ ಹೇಳಿದಾಗ ಅವರ ಪ್ರೀತಿಯನ್ನು ಒಪ್ಪಿಕೊಳ್ಳುತ್ತೇನೆ, ಮಾತನ್ನು ಒಪ್ಪಿಕೊಳ್ಳುವುದಿಲ್ಲ.

‘ಶರಪಂಜರ’ವನ್ನು ನಮ್ಮಲ್ಲಿ ಹೆಚ್ಚಿನವರು ಬಲ್ಲದ್ದು 1971ರ ಪುಟ್ಟಣ್ಣ ಕಣಗಾಲರ ಸಿನಿಮಾದಿಂದ, ಕಲ್ಪನಾ ಅವರ ಅಭಿನಯದಿಂದ. ಕಥಾನಾಯಕಿ ಕಾವೇರಿಯ ಮನಸ್ಸು ಕದಡುವುದು ಎರಡನೆಯ ಹೆರಿಗೆಯ ನಂತರ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಬಾಣಂತಿ ಸನ್ನಿ ಎಂಬ ಹೆಸರಿತ್ತು. ಹೆಸರಿನ ಹಿಂದೆ ಹೆದರಿಕೆಯೂ ಇತ್ತು, ಗುಟ್ಟೂ ಇತ್ತು. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಅದನ್ನು ಕಾಯಿಲೆ ಎಂದು ಕಂಡರು. ಗುಣವಾಗಿ ಮನೆಗೆ ಮರಳಿದವಳನ್ನು ಮನೆಯವರ, ನೆಂಟರ ಕಣ್ಣುಗಳೇ ಮತ್ತೆ ಹೇಗೆ ನೂಕುತ್ತವೆ ಎಂದೂ ತೋರಿಸಿದರು. ಅವರ ಪೀಳಿಗೆಯ ಲೇಖಕಿಯರ ಬರವಣಿಗೆಯನ್ನು ಅಡುಗೆಮನೆ ಸಾಹಿತ್ಯ ಎಂದು ಹೀಗಳೆದವರಿದ್ದರು. ಬಾಣಂತಿಯ ಕೋಣೆಯೊಳಗೆ ನಡೆಯುವುದನ್ನು ಹೊರಗೆ ತಂದು ಓದಿಸಿದ್ದು ಆ ಸಾಹಿತ್ಯವೇ.

ನಮ್ಮ ಜಿಲ್ಲೆಯವರೇ ಆದ ಬಾನು ಮುಷ್ತಾಕ್ ಅವರ ಮಾತನ್ನೂ ಇಲ್ಲಿ ಹೇಳಬೇಕು. ಹಾಸನದ ಈ ಲೇಖಕಿಯ ಹನ್ನೆರಡು ಕಥೆಗಳನ್ನು ಕೊಡಗಿನ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ಅರಸೀಕೆರೆಯವರೂ ಬೇಲೂರಿನವರೂ ಅದನ್ನು ತಮ್ಮದೇ ಮನೆಯ ಸುದ್ದಿ ಎಂಬಂತೆ ಹೇಳಿಕೊಂಡೆವು. ನನ್ನ ಮನಸ್ಸಿಗೆ ತಟ್ಟಿದ್ದು ಅವರು ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ ಸಂಗತಿ. ಇಷ್ಟಪಟ್ಟು ಮದುವೆಯಾದ ಮೇಲೆ ಮನೆಗೆಲಸಕ್ಕೆ ಕಟ್ಟಿಬಿದ್ದು, ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ ತಾಯಿಯಾಗಿ, ಹೆರಿಗೆಯ ನಂತರದ ಖಿನ್ನತೆಯಲ್ಲಿ ನರಳಿದವರು ಅವರು. ಅದನ್ನು ದಾಟಿ ಬರೆದರು, ಲಂಕೇಶ್ ಪತ್ರಿಕೆಯ ವರದಿಗಾರ್ತಿಯಾದರು, ವಕೀಲೆಯಾದರು, ಹಾಸನದ ನಗರಸಭೆಗೆ ಆರಿಸಿಬಂದರು.

ಪುಸ್ತಕ ಓದಿದರೆ ಖಿನ್ನತೆ ಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದು ಅಪಾಯ. ಹೆರಿಗೆಯಾದ ಹೊಸದರಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಎಷ್ಟೋ ಜನರಿಗೆ ಇದ್ದದ್ದೇ. ಅದು ಎರಡು ವಾರ ದಾಟಿಯೂ ಇಳಿಯದಿದ್ದರೆ, ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ, ಬದುಕು ಬೇಡವೆನಿಸಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಪುಸ್ತಕದ ಕೆಲಸ ಬೇರೆ. ಕಾವೇರಿಯ ಕಥೆ ಓದಿದವಳಿಗೆ ತನಗೆ ಆಗುತ್ತಿರುವುದು ತನ್ನ ಕೆಟ್ಟತನವಲ್ಲ ಎಂದು ಗೊತ್ತಿರುತ್ತದೆ, ಅದನ್ನು ಬಾಯಿಬಿಟ್ಟು ಹೇಳಲು ಮಾತು ಸಿಗುತ್ತದೆ. ಮನೆಯವರಿಗೂ ಇಲ್ಲೊಂದು ಗುರುತಿದೆ. ಓದಿನ ಹುಚ್ಚಿದ್ದವಳು ಬಿಡುವು ಸಿಕ್ಕಾಗಲೂ, ನಿದ್ದೆ ತೀರಿದಾಗಲೂ ವಾರಗಟ್ಟಲೆ ಪುಸ್ತಕದ ಕಡೆ ತಿರುಗಿಯೂ ನೋಡದಿದ್ದರೆ ‘ಈಗ ಸಂಸಾರದಲ್ಲಿ ಮನಸ್ಸಿಟ್ಟಳು’ ಎಂದು ಸಂತೋಷಪಡಬೇಡಿ. ಹತ್ತಿರ ಕೂತು ಹೇಗಿದ್ದೀಯ ಎಂದು ಕೇಳಿ.

ಬಾಣಂತಿಯ ಓದು ಹೇಗಿರುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಒಂದು ಕೈ ಮಗುವಿನದು, ಉಳಿದ ಕೈ ಮಾತ್ರ ಪುಸ್ತಕದ್ದು. ‘ಮಲೆಗಳಲ್ಲಿ ಮದುಮಗಳು’ ಅಂಥ ದಪ್ಪ ಪುಸ್ತಕವನ್ನು ಆ ಕೈ ಹಿಡಿಯಲಾರದು. ನನಗೆ ಒದಗಿದ್ದು ‘ಫಣಿಯಮ್ಮ’. 1976ರ ಈ ಸಣ್ಣ ಕಾದಂಬರಿಯಲ್ಲಿ ಎಂ.ಕೆ. ಇಂದಿರಾ ಬರೆದದ್ದು ತಮ್ಮದೇ ಬಂಧುಬಳಗದ ಹಿರಿಯಳೊಬ್ಬಳ ಬದುಕು. ಸಂಸಾರವೆಂದರೇನೆಂದು ತಿಳಿಯುವ ಮೊದಲೇ ವಿಧವೆಯಾಗಿ, ಮಡಿಯ ಕಟ್ಟಿನೊಳಗೇ ಬಾಳಿದ ಹೆಂಗಸು ಊರವರ ಹೆರಿಗೆಗಳಿಗೆ ಆಸರೆಯಾಗುತ್ತಾಳೆ, ಜೀವ ಉಳಿಸಬೇಕಾಗಿ ಬಂದಾಗ ಜಾತಿಯ ಗೆರೆಯನ್ನೂ ದಾಟುತ್ತಾಳೆ. ಆ ಕಥೆ ಫಣಿಯಮ್ಮನ ಬಾಯಿಂದ ಲೇಖಕಿಯ ತಾಯಿಗೆ, ತಾಯಿಯಿಂದ ಮಗಳಿಗೆ ಬಂದದ್ದು. ಹೆರಿಗೆಯ ನೋವು ಮೈಯಲ್ಲಿ ಇನ್ನೂ ಹಸಿಯಾಗಿರುವಾಗ ಅದನ್ನು ಓದುವುದು ಬೇರೆಯೇ ಅನುಭವ. ಇನ್ನೊಬ್ಬರ ಹೆರಿಗೆಗೆ ಕೈಕೊಟ್ಟವಳು ತನ್ನ ಮಡಿಲು ತುಂಬದವಳು ಎಂಬುದು ಮೊದಲು ಓದಿದಾಗ ನನ್ನನ್ನು ಇಷ್ಟು ಕಲಕಿರಲಿಲ್ಲ.

ಬಾಯಿಬಿಟ್ಟು ಓದುವುದು ಇನ್ನೊಂದು ದಾರಿ. ಜೈಮಿನಿ ಭಾರತವನ್ನೋ ಕುಮಾರವ್ಯಾಸನನ್ನೋ ಒಬ್ಬರು ರಾಗವಾಗಿ ಓದಿ, ಒಬ್ಬರು ಅರ್ಥ ಹೇಳುವ ಗಮಕದ ಪದ್ಧತಿ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇತ್ತು. ಅಕ್ಕಿ ಆರಿಸುವವರೂ ಹೂ ಕಟ್ಟುವವರೂ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡವರೂ ಒಟ್ಟಿಗೆ ಕೇಳುತ್ತಿದ್ದರು. ಕೈಗೆ ಬಿಡುವಿಲ್ಲದವರೂ ಕಿವಿಯಿಂದ ಓದಬಹುದಾಗಿತ್ತು. ಹೊಟ್ಟೆಯಲ್ಲಿದ್ದ ಅಭಿಮನ್ಯು ಚಕ್ರವ್ಯೂಹದ ಗುಟ್ಟು ಕೇಳಿಸಿಕೊಂಡನೆಂಬ ಕಥೆ ನಮಗೆ ಗೊತ್ತಿದ್ದದ್ದೇ. 1986ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ಎಂಬ ಸಂಶೋಧಕರು ಬಸಿರಿನ ಕೊನೆಯ ಆರು ವಾರ ತಾಯಂದಿರಿಂದ ಒಂದೇ ಕಥೆಯನ್ನು ದಿನಾ ಓದಿಸಿದರು. ಹುಟ್ಟಿದ ಕೂಸುಗಳು ಕೇಳರಿಯದ ಕಥೆಗಿಂತ ಆ ಕಥೆಯ ಕಡೆಗೇ ಹೆಚ್ಚು ಒಲವು ತೋರಿದವು. ನನ್ನ ಮಗಳಿಗೆ ಫಣಿಯಮ್ಮ ಯಾರೆಂದು ತಿಳಿಯದು, ದನಿ ಅಮ್ಮನದೆಂದು ತಿಳಿದಿದೆ. ಹೀಗೆ ಓದುವಾಗ ಮಗುವಿನ ಹೊತ್ತು ಬೇರೆ, ನನ್ನ ಹೊತ್ತು ಬೇರೆ ಎಂಬ ಲೆಕ್ಕವೇ ಇಲ್ಲ.

ಆದರೂ ಒಬ್ಬಳೇ ಮೌನವಾಗಿ ಓದಬೇಕೆನಿಸುವ ಗಳಿಗೆ ಬರುತ್ತದೆ. ಆ ಗಳಿಗೆ ಹುಟ್ಟುವುದು ಬೇರೆಯವರ ಕೈಯಿಂದ. ಹವ್ಯಾಸ, ಸಂಸಾರ ಎರಡನ್ನೂ ತೂಗಿಸಿಕೊಂಡು ಹೋಗಬೇಕು ಎಂದು ಹೆಂಗಸಿಗೆ ಹೇಳುವವರು ತಕ್ಕಡಿಯನ್ನೂ ಅವಳ ಕೈಗೇ ಕೊಟ್ಟುಬಿಡುತ್ತಾರೆ. ಮಗುವನ್ನು ಎತ್ತಿಕೊಳ್ಳುವ ಇನ್ನೊಂದು ಜೊತೆ ತೋಳು ಮನೆಯಲ್ಲಿ ಇಲ್ಲದಿದ್ದರೆ ಅವಳೆಷ್ಟೇ ಜಾಣೆಯಾದರೂ ತೂಗಿಸಲಾರಳು. ನಮ್ಮಜ್ಜಿ ಓದಬೇಡವೆಂದರೂ ಮಗುವಿಗೆ ಎಣ್ಣೆ ಒತ್ತಿ, ನೀರು ಹಾಕಿ, ಹೊಗೆ ಕೊಟ್ಟು ಮಲಗಿಸುವವರೆಗೆ ನನ್ನನ್ನು ಯಾವುದಕ್ಕೂ ಕರೆಯುವುದಿಲ್ಲ. ಭಾನುವಾರ ಬೇಲೂರಿನಿಂದ ಇವರು ಬಂದಾಗ ಮಗು ಅವರ ಭುಜದ ಮೇಲಿರುತ್ತದೆ. ಅತ್ತೆ ತಮ್ಮ ರಟ್ಟಿನ ಕಟ್ಟುಗಳಲ್ಲಿ ಒಂದೊಂದನ್ನು ಅವರ ಕೈಯಲ್ಲಿ ಕಳಿಸುತ್ತಾರೆ.

ಇಂಥ ಅನುಕೂಲ ಎಲ್ಲರಿಗೂ ಇಲ್ಲ. 2017ರ ತಿದ್ದುಪಡಿಯ ನಂತರ ಕಾನೂನು ಕೊಡುವ 26 ವಾರಗಳ ಹೆರಿಗೆ ರಜೆ ನೌಕರಿಯಲ್ಲಿರುವವರಿಗೆ. ಕೂಲಿಗೆ ಹೋಗುವ ಹೆಂಗಸಿಗೆ ರಜೆಯೂ ಇಲ್ಲ, ಅಟ್ಟದ ಮೇಲೆ ಪುಸ್ತಕದ ಕಟ್ಟೂ ಇಲ್ಲ. ಆದರೆ ಅವಳ ಊರಿನಲ್ಲೂ ಗ್ರಂಥಾಲಯ ಇರಬಹುದು. ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಐದೂವರೆ ಸಾವಿರಕ್ಕೂ ಹೆಚ್ಚಿವೆ, ಈಗ ಅವಕ್ಕೆ ಅರಿವು ಕೇಂದ್ರ ಎಂಬ ಹೆಸರು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಹಳ್ಳಿಯ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಬಾಣಂತಿ ಅಲ್ಲಿಗೆ ಹೋಗಲಾರಳು, ಪುಸ್ತಕವೇ ಅವಳಲ್ಲಿಗೆ ಹೋಗಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದವಳ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಸಲ ಬಂದು ಮಗುವಿನ ತೂಕ, ಮೈಬಿಸಿ ನೋಡುವ ಏರ್ಪಾಡು ಈಗಾಗಲೇ ಇದೆ. ಅದರ ಜೊತೆಗೆ ಒಂದು ತೆಳ್ಳನೆಯ ಪುಸ್ತಕವೂ ಮನೆ ತಲುಪುವಂತಾದರೆ ಎಂದು ನನ್ನಾಸೆ. ಅದನ್ನು ಹೊತ್ತು ತರುವ ಹೊಣೆಯನ್ನು ಮಾತ್ರ ಆಶಾ ಅವರ ಮೇಲೆ ಹಾಕಬಾರದು. ಅವರ ಚೀಲ ಈಗಲೇ ಭಾರವಾಗಿದೆ. ದಿನಾ ಪೇಟೆಗೆ, ಪಂಚಾಯಿತಿ ಕಟ್ಟೆಗೆ ಹೋಗಿಬರುವ ಗಂಡಸರು ಪ್ರತಿ ಮನೆಯಲ್ಲೂ ಇದ್ದಾರೆ. ಗ್ರಂಥಾಲಯದ ಬಾಗಿಲು ತೆರೆದಿರುವ ಹೊತ್ತು ಅವರಿಗೆ ಗೊತ್ತು. ಹೆಂಡತಿಗೆ ಯಾವ ಪುಸ್ತಕ ಬೇಕೆಂದು ಹೊರಡುವ ಮುಂಚೆ ಕೇಳಿಕೊಂಡು ಹೋಗಲಿ.