ಗೊತ್ತಿದ್ದೂ ಆಡುವ ತಪ್ಪು ನಡೆ

ತಾಯಲೂರಿಗೆ ಹೋದಾಗಲೆಲ್ಲ ಸೋದರಳಿಯ ಮೊಬೈಲಿನಲ್ಲಿ ಚದುರಂಗ ಆಡುವುದನ್ನು ಪಕ್ಕದಲ್ಲಿ ಕೂತು ನೋಡುತ್ತೇನೆ. ಯಾವುದೋ ಊರಿನ, ಮುಖ ಕಾಣದ ಎದುರಾಳಿ. ಒಬ್ಬೊಬ್ಬರಿಗೆ 3 ನಿಮಿಷ. ಮೊನ್ನೆ ನಾಲ್ಕನೆಯ ನಡೆಯಲ್ಲೇ ಕುದುರೆಯನ್ನು ಒಂದು ಕಾಲಾಳಿಗಾಗಿ ಕೊಟ್ಟುಬಿಟ್ಟ. ಹ್ಯಾಲೋವೀನ್ ಗ್ಯಾಂಬಿಟ್ ಎಂದು ಇದರ ಹೆಸರು. ಆಟಗಾರರು ಇದನ್ನು 'ತ್ಯಾಗ' ಎನ್ನುತ್ತಾರೆ. ಪದ ಸ್ವಲ್ಪ ದೊಡ್ಡದಾಯಿತು. ಮೂರರ ಬೆಲೆಯದನ್ನು ಒಂದಕ್ಕೆ ಮಾರಿ, ನಡುವಿನ ಮನೆಗಳಿಗೆ ಕಾಲಾಳುಗಳನ್ನು ನುಗ್ಗಿಸಿ, ಎದುರಾಳಿಯ ಕುದುರೆಗಳನ್ನು ಅಟ್ಟಾಡಿಸುವ ಉಪಾಯ. ಸಾವಧಾನವಾಗಿ ಯೋಚಿಸುವವನ ಮುಂದೆ ಇದು ನಿಲ್ಲುವುದಿಲ್ಲ.

"ತಪ್ಪು ನಡೆ ಅಂತ ಗೊತ್ತು ಮಾಮ. ಆದ್ರೆ ಯೋಚನೆ ಮಾಡೋಕೆ ಅವನಿಗೆ ಟೈಮೆಲ್ಲಿದೆ?" ಎಂದ.

ಇದು ಮೋಸವೇ? ಅಲ್ಲ. ಕಾಯಿಗಳೆಲ್ಲ ಕಣ್ಣೆದುರಿಗಿವೆ, ಗಡಿಯಾರ ಇಬ್ಬರಿಗೂ ಒಂದೇ. ಕದ್ದು ಕಂಪ್ಯೂಟರಿನ ನೆರವು ಪಡೆಯುವವನು ಮೋಸಗಾರ. ಇವನು ನಷ್ಟದ ಭಯವನ್ನು ತಾನೇ ಹೊತ್ತಿದ್ದಾನೆ. ಹಾಗೆ ನೋಡಿದರೆ ಮುಳಬಾಗಿಲು ಸೀಮೆಯಲ್ಲಿ ಸಾಲ ಮಾಡಿ ಟೊಮೆಟೊ ಹಾಕುವುದೂ ಜೂಜೇ. ಬೇರೆ ಕಡೆ ಬೆಳೆ ಕೈಕೊಟ್ಟರೆ ಇಲ್ಲಿನ ರೈತನಿಗೆ ಬೆಲೆ ಸಿಗುತ್ತದೆ, ನಿಜ. ಆದರೆ ಆ ಕೇಡನ್ನೇ ನಂಬಿ ಅವನು ಸಸಿ ನೆಡುವುದಿಲ್ಲ.

ನನ್ನನ್ನು ಕಾಡಿದ್ದು ಇದೇ. ಹುಡುಗ ಈಗ ಒಳ್ಳೆಯ ನಡೆ ಯಾವುದೆಂದು ಹುಡುಕುತ್ತಿಲ್ಲ, ಎದುರಿನವನು ಎಲ್ಲಿ ಗಾಬರಿಯಾಗುತ್ತಾನೆಂದು ಹುಡುಕುತ್ತಿದ್ದಾನೆ. ಗೆದ್ದಾಗಲೂ ಅವನು ಕಲಿತದ್ದು ಅದನ್ನೇ.

ಹಳೆಯ ಮಣೆ ತೆಗೆಸಿ, ಗಡಿಯಾರವಿಲ್ಲದೆ ನನ್ನೊಡನೆ ಅದನ್ನೇ ಆಡೆಂದೆ. ನಾಲ್ಕನೆಯ ನಡೆಗೆ ಕುದುರೆಯತ್ತ ಕೈ ಚಾಚಿದವನು ಹಾಗೇ ತಡೆದ. ಬಹಳ ಹೊತ್ತು ನೋಡಿ, ಬೇರೆ ಕಾಯಿ ನಡೆಸಿದ.