ಸೊನ್ನೆ ಅಂಕದ ಶ್ರಮ

ಅಮೆರಿಕ ಮತ್ತು ಕೆನಡಾದ ಕಾಲೇಜು ವಿದ್ಯಾರ್ಥಿಗಳಿಗಾಗಿ ಪುಟ್ನಮ್ ಗಣಿತ ಸ್ಪರ್ಧೆ ಆರಂಭವಾದದ್ದು 1938ರಲ್ಲಿ. 6 ಗಂಟೆಗಳಲ್ಲಿ 12 ಸಮಸ್ಯೆಗಳು. ಒಟ್ಟು 120 ಅಂಕಗಳು. ಆದರೆ ಎಷ್ಟೋ ವರ್ಷ ಸ್ಪರ್ಧಿಗಳಲ್ಲಿ ಅರ್ಧದಷ್ಟು ಮಂದಿಗೆ ದೊರೆತದ್ದು ಸೊನ್ನೆ ಅಥವಾ ಒಂದೇ ಅಂಕ. ಇದನ್ನರಿತೂ ಯುವಜನರು ತಿಂಗಳುಗಟ್ಟಲೆ ಹಳೆಯ ಪ್ರಶ್ನೆಪತ್ರಿಕೆಗಳೊಡನೆ ಸೆಣಸುತ್ತಾರೆ. ಬಹುಮಾನವಿಲ್ಲದವರ ಈ ಶ್ರಮ ವ್ಯರ್ಥವೇ?

ಫ್ರಾನ್ಸಿನ ಚಿಂತಕಿ ಸಿಮೋನ್ ವೇಯ್, ಗಣಿತಜ್ಞ ಆಂದ್ರೆ ವೇಯ್ ಅವರ ತಂಗಿ. ರೇಖಾಗಣಿತದ ಸಮಸ್ಯೆಯೊಂದನ್ನು ಬಿಡಿಸಲಾಗದಿದ್ದರೂ ಅದರ ಮುಂದೆ ಕಳೆದ ಏಕಾಗ್ರತೆಯ ಗಳಿಗೆ ವ್ಯರ್ಥವಲ್ಲ, ಅದು ಮನಸ್ಸನ್ನು ಪ್ರಾರ್ಥನೆಗೆ ಹದಗೊಳಿಸುತ್ತದೆ ಎಂದು 1942ರ ಪ್ರಬಂಧವೊಂದರಲ್ಲಿ ಆಕೆ ವಾದಿಸಿದರು. ಈ ಮಾತು ಮನನೀಯ. ಕಠಿಣ ಸಮಸ್ಯೆಯ ಮುಂದೆ ಕುಳಿತವನು ತನ್ನ ಜಾಣತನದ ಮಿತಿಯನ್ನು ಅರಿಯುತ್ತಾನೆ. ಸತ್ಯವು ತನ್ನ ಅಪ್ಪಣೆಗೆ ಒಳಪಟ್ಟಿಲ್ಲ, ತಾನೇ ಅದಕ್ಕಾಗಿ ಕಾಯಬೇಕೆಂದು ಕಲಿಯುತ್ತಾನೆ. ಆ ಕಾಯುವಿಕೆಯಲ್ಲೇ ಒಂದು ಆನಂದವಿದೆ; ಅದರ ಹೆಸರು ದೀನತೆ.

ಆದರೆ ಪಕ್ಕದವನನ್ನು ಮೀರಿಸುವುದೇ ಗುರಿಯಾದರೆ ಸೊನ್ನೆ ಅವಮಾನವಾಗುತ್ತದೆ, ಪೂರ್ಣಾಂಕ ಅಹಂಕಾರವಾಗುತ್ತದೆ. ಎರಡರಲ್ಲೂ ಸತ್ಯದ ಪ್ರೀತಿ ಉಳಿಯದು. ಪ್ರಭು ಯೇಸು ಹೇಳಿದ ತಲಾಂತುಗಳ ಸಾಮತಿಯನ್ನು ನೆನೆಯೋಣ. ಐದು ತಲಾಂತು ಗಳಿಸಿದವನಿಗೂ ಎರಡು ಗಳಿಸಿದವನಿಗೂ ಧಣಿಯಿಂದ ದೊರೆತದ್ದು ಒಂದೇ ಮೆಚ್ಚುಗೆ. ಗದರಿಕೆ ಸಿಕ್ಕಿದ್ದು ಹೆದರಿ ಹೂತಿಟ್ಟವನಿಗೆ.

ತಂದೆತಾಯಂದಿರೇ, ಪರೀಕ್ಷೆ ಬರೆದು ಬಂದ ಮಕ್ಕಳನ್ನು ನಾವು ಮೊದಲು ಕೇಳುವುದು ಅಂಕವೆಷ್ಟೆಂದು. ಯಾವ ಪ್ರಶ್ನೆ ನಿನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು ಎಂದು ಒಮ್ಮೆ ಕೇಳಿ ನೋಡಿ. ಅಂಕಪಟ್ಟಿ ತೋರಿಸದ ಬೆಳವಣಿಗೆಯೊಂದು ಆ ಉತ್ತರದಲ್ಲಿ ನಿಮಗೆ ಕಂಡೀತು.